ಕಾನ್ವೆಂಟ್ ಅಂದರೆ ಬರೀ ಇಂಗ್ಲಿಷ್ ಶಾಲೆನಾ?

ಅನುವಾದ ಕಲಿಯುವಾಗ ನಾನು ಬರೆದ ಒಂದು ವಾಕ್ಯ: 'ಗಂಡ ತೀರಿಕೊಂಡ ಮೇಲೆ ಅವಳು ಕಾನ್ವೆಂಟ್ ಸೇರಿದಳು.' ಓದಿದ ಗೆಳತಿ ಕೇಳಿದಳು, 'ಟೀಚರ್ ಆಗಿಯಾ?' ತಪ್ಪು ಅವಳದಲ್ಲ. ಕನ್ನಡದಲ್ಲಿ ಕಾನ್ವೆಂಟ್ ಅಂದ ಕೂಡಲೇ ಟೈ, ಶೂ, ಆಟೋದಲ್ಲಿ ತುಂಬಿಕೊಂಡ ಮಕ್ಕಳು ಕಣ್ಣಿಗೆ ಬರುತ್ತಾರೆ. ನಾನು ಅನುವಾದಿಸುತ್ತಿದ್ದ ಮೂಲ ವಾಕ್ಯದಲ್ಲಿ ಇದ್ದದ್ದು ಕ್ರೈಸ್ತ ಸನ್ಯಾಸಿನಿಯರ ಮಠ.

ಪದ ಬಂದದ್ದು ಲ್ಯಾಟಿನ್ನಿನ 'ಕೊನ್ವೆಂತುಸ್'ನಿಂದ. ಅರ್ಥ ಸುಮ್ನೆ 'ಕೂಟ', ಒಟ್ಟಿಗೆ ಸೇರಿದವರು. ಅದರಲ್ಲಿ ಹೆಂಗಸರೂ ಇಲ್ಲ, ಶಾಲೆಯೂ ಇಲ್ಲ. ಹಳೇ ಗೋವಾಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. 1986ರಲ್ಲಿ ಅಲ್ಲಿನ ಕಟ್ಟಡಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 'ಗೋವಾದ ಚರ್ಚುಗಳು ಮತ್ತು ಕಾನ್ವೆಂಟುಗಳು' ಅನ್ನುವ ಹೆಸರಿನಲ್ಲಿ. ಅಲ್ಲಿನ ಸೇಂಟ್ ಫ್ರಾನ್ಸಿಸ್ ಅಸ್ಸಿಸಿ ಕಾನ್ವೆಂಟಿನಲ್ಲಿ ಇದ್ದವರು ಗಂಡಸರು, ಫ್ರಾನ್ಸಿಸ್ಕನ್ ಸನ್ಯಾಸಿಗಳು. ಈಗ ಅದು ಪುರಾತತ್ವ ಇಲಾಖೆಯ ಮ್ಯೂಸಿಯಂ. ಅದೇ ಊರಿನ ಸಾಂತಾ ಮೋನಿಕಾ ಮಾತ್ರ ಸನ್ಯಾಸಿನಿಯರದು. ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲೂ ಇದೇ ಪದ ಇದೆ, 'ನ'ಕಾರ ಬಿದ್ದುಹೋದ ಹಳೆಯ ರೂಪದಲ್ಲಿ. ಅದು ವೆಸ್ಟ್‌ಮಿನ್‌ಸ್ಟರ್ ಮಠದ ಸನ್ಯಾಸಿಗಳ ತೋಟವಾಗಿತ್ತು. ಕಾನ್ವೆಂಟ್ ಅಂದರೆ ಹೆಂಗಸರ ಮಠ ಅನ್ನುವುದು ಇಂಗ್ಲಿಷಿನಲ್ಲಿ ಆಮೇಲೆ ಗಟ್ಟಿಯಾದ ಅರ್ಥ.

ನಮ್ಮಲ್ಲಿ ಸಿಸ್ಟರುಗಳು ವಾಸದ ಪಕ್ಕದಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಜನ ನೋಡಿದ್ದು ಶಾಲೆಯನ್ನು, ಹೆಸರು ಅದಕ್ಕೇ ಅಂಟಿತು. ಈಗಂತೂ ಸಿಸ್ಟರ್ ನೆರಳೂ ಬೀಳದ ಶಾಲೆಗೆ ಗಣಪತಿಯ ಹೆಸರಿಟ್ಟು ಮುಂದೆ ಕಾನ್ವೆಂಟ್ ಅಂತ ಬೋರ್ಡು ಹಾಕುತ್ತಾರೆ!

ನಗುವ ಮುಂಚೆ ಒಂದು ಮಾತು. 'ಮಠ'ಕ್ಕೂ ನಾವು ಇದನ್ನೇ ಮಾಡಿದ್ದೇವೆ. ಹಿಂದೆ ಹಳ್ಳಿಯಲ್ಲಿ ಅಕ್ಷರ ಕಲಿಸುತ್ತಿದ್ದ ಜಾಗ ಕೂಲಿಮಠ. ಅಲ್ಲಿ ಸ್ವಾಮಿಗಳಿರಲಿಲ್ಲ, ಮರಳಿನ ಮೇಲೆ ಬೆರಳಾಡಿಸಿ ಅಆಇಈ ತಿದ್ದುವ ಮಕ್ಕಳು, ಬೆತ್ತ ಹಿಡಿದ ಅಯ್ಯನವರು. ಅಮರಕೋಶವೂ ಮಠವನ್ನು 'ಛಾತ್ರಾದಿನಿಲಯ', ಅಂದರೆ ವಿದ್ಯಾರ್ಥಿಗಳು ಮುಂತಾದವರು ಇರುವ ಮನೆ, ಅನ್ನುತ್ತದೆ. ಹಾಗಾಗಿ ಕಾನ್ವೆಂಟಿಗೆ 'ಮಠ' ಅನ್ನುವುದು ನನಗೆ ಬಹಳ ಒಪ್ಪುತ್ತದೆ. ಎರಡೂ ಒಂದೇ ದಾರಿ ಹಿಡಿದ ಪದಗಳು, ಅಲ್ವಾ?

ಆದರೆ ಬರೀ 'ಮಠ' ಅಂದರೆ ಓದುವವರಿಗೆ ಕಾವಿ ತೊಟ್ಟ ಸ್ವಾಮೀಜಿ ನೆನಪಾಗುತ್ತಾರೆ. ಅದಕ್ಕೇ 'ಸನ್ಯಾಸಿನಿಯರ ಮಠ' ಅಂತ ಬಿಡಿಸಿ ಬರೆಯುವುದು ಒಳ್ಳೆಯದು. ರಾಮಕೃಷ್ಣ-ಶಾರದಾದೇವಿ ಪರಂಪರೆಯ ಶ್ರೀ ಶಾರದಾ ಮಠದಂತೆ (1954ರಲ್ಲಿ ಶುರುವಾದದ್ದು) ಸನ್ಯಾಸಿನಿಯರದ್ದೇ ಆದ ಹಿಂದೂ ಮಠವೂ ಇರುವುದರಿಂದ, ಸಂದರ್ಭ ಸ್ಪಷ್ಟವಿಲ್ಲದಿದ್ದರೆ 'ಕ್ರೈಸ್ತ' ಸೇರಿಸಿ. ಮಾತುಕತೆಯಲ್ಲಿ 'ಸಿಸ್ಟರುಗಳ ಮನೆ' ಅಂದರೂ ನಡೆಯುತ್ತದೆ.

ಇನ್ನೊಂದು ತೊಡಕು. ಮಂಗಳೂರಿನಲ್ಲಿ ಕಾರ್ಮೆಲ್ ಅನ್ನುವ ಕ್ಯಾಥೊಲಿಕ್ ಸನ್ಯಾಸ ಪರಂಪರೆಯ ಎರಡು ಬಗೆಯ ಸಿಸ್ಟರುಗಳಿದ್ದಾರೆ. ಅಪೋಸ್ತಲಿಕ್ ಕಾರ್ಮೆಲ್‌ನವರು ಹೊರಗೆ ಬಂದು ಪಾಠ ಮಾಡುವವರು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆದವರು ಇವರೇ. ಕ್ಲೋಯ್ಸ್ಟರ್ಡ್ ಕಾರ್ಮೆಲ್‌ನವರದು ಗೋಡೆಯೊಳಗೆ, ಪ್ರಾರ್ಥನೆಯಲ್ಲೇ ಕಳೆಯುವ ಬದುಕು. ಚರ್ಚಿನ ಕಟ್ಟುನಿಟ್ಟಾದ ಲೆಕ್ಕದಲ್ಲಿ ಒಳಗೇ ಇರುವವರ ಮನೆ 'ಮೊನಾಸ್ಟರಿ', ಹೊರಗೆ ದುಡಿಯುವವರದು 'ಕಾನ್ವೆಂಟ್'. ಮೊನಾಸ್ಟರಿ ಎಂದು ಕಂಡ ಕೂಡಲೇ ಗಂಡಸರ ಮಠ ಎಂದು ಬರೆದುಬಿಡಬೇಡಿ.

ಸನ್ಯಾಸಿನಿಯರ ಮಠಕ್ಕೆ 'ನನ್ನರಿ' (nunnery) ಅನ್ನುವುದು ಇಂಗ್ಲಿಷಿನಲ್ಲಿ ಈಗ ಹಳೆಯ ಪದ, ಟಿಬೆಟಿಯನ್ ಬೌದ್ಧರ ವಿಷಯದಲ್ಲಿ ಮಾತ್ರ ಇನ್ನೂ ಜಾಸ್ತಿ ಬಳಕೆಯಲ್ಲಿದೆ. ಬೈಲಕುಪ್ಪೆಯ ಟಿಬೆಟಿಯನ್ ಮಠ ನಾಮ್‌ಡ್ರೋಲಿಂಗ್‌ನಲ್ಲೂ ಅಂಥದ್ದೊಂದಿದೆ. ಅದನ್ನು 'ಭಿಕ್ಷುಣಿಯರ ಮಠ' ಅನ್ನಲು ಕೈ ಹೋಗುತ್ತದೆ. ಆದರೆ ಟಿಬೆಟಿಯನ್ ಪರಂಪರೆಯಲ್ಲಿ ಹೆಚ್ಚಿನವರು ಪೂರ್ಣ ಭಿಕ್ಷುಣಿ ದೀಕ್ಷೆ ಪಡೆದವರಲ್ಲ. 'ಬೌದ್ಧ ಸನ್ಯಾಸಿನಿಯರ ಮಠ' ಅಂದರೆ ತಪ್ಪಾಗದು.

ನನ್ನ ವಾಕ್ಯವನ್ನು ಕೊನೆಗೆ ಹೀಗೆ ತಿದ್ದಿದೆ: 'ಗಂಡ ತೀರಿಕೊಂಡ ಮೇಲೆ ಅವಳು ಸನ್ಯಾಸಿನಿಯರ ಮಠ ಸೇರಿದಳು.' ಗೆಳತಿ ಈ ಸಲ ಏನೂ ಕೇಳಲಿಲ್ಲ.