‘ಆಮಿನಸ್ಲಿ’ಗೆ ಕನ್ನಡದಲ್ಲಿ ಏನೆನ್ನಬೇಕು?

ಆರೋಗ್ಯ ಕಾರ್ಯಕರ್ತೆಯರಿಗಾಗಿ ಸಿದ್ಧವಾಗುತ್ತಿದ್ದ ಕೈಪಿಡಿಯೊಂದರ ಕನ್ನಡ ಅನುವಾದವನ್ನು ತಿದ್ದುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಅಸ್ತಮಾ ತೀವ್ರವಾಗಿ ಕೆರಳಿದ ರೋಗಿಯನ್ನು ಕುರಿತ ಪುಟದಲ್ಲಿ ‘ಅಪಶಕುನವಾಗಿ, ಎದೆಯ ಸುಯ್ಯೆನ್ನುವ ಸದ್ದು ನಿಂತುಹೋಗಬಹುದು’ ಎಂಬ ವಾಕ್ಯ ಕಣ್ಣಿಗೆ ಬಿತ್ತು. ಇಂಗ್ಲಿಷ್ ಮೂಲದ ವಾಕ್ಯವು ‘ಆಮಿನಸ್ಲಿ’ (ominously, ಅಂದರೆ ಮುಂದೆ ಕೇಡು ಕಾದಿದೆಯೆಂಬ ಸೂಚನೆ ಕೊಡುವಂತೆ) ಎಂಬ ಕ್ರಿಯಾವಿಶೇಷಣದಿಂದ ಆರಂಭವಾಗಿತ್ತು. ಅನುವಾದಕರು ನಿಘಂಟಿನಲ್ಲಿ ಸಿಕ್ಕ ‘ಅಪಶಕುನ’ಕ್ಕೆ ‘ಆಗಿ’ ಸೇರಿಸಿ ಮುಂದೆ ಸಾಗಿದ್ದರು. ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲದ ಆ ವಾಕ್ಯವನ್ನು ಓದಿದ ಕಾರ್ಯಕರ್ತೆಗೆ ಮಾತ್ರ ತಿಳಿಯಬೇಕಾದದ್ದು ತಿಳಿಯುತ್ತಿರಲಿಲ್ಲ.

ತಿಳಿಯಬೇಕಾದದ್ದು ಇಷ್ಟು. ಉಬ್ಬಸದ ರೋಗಿಯ ಶ್ವಾಸನಾಳಗಳು ಕಿರಿದಾದಾಗ ಅವುಗಳ ಮೂಲಕ ನುಸುಳುವ ಗಾಳಿ ಸದ್ದು ಮಾಡುತ್ತದೆ. ಆ ಸದ್ದು ನಿಂತರೆ ನೋಡುವವರಿಗೆ ರೋಗಿ ಚೇತರಿಸಿಕೊಂಡಂತೆ ತೋರಬಹುದು. ಆದರೆ ರೋಗಿ ಇನ್ನೂ ಏದುಸಿರು ಬಿಡುತ್ತಿದ್ದು, ಸುಸ್ತಾಗಿ, ಮಾತನಾಡಲೂ ಆಗದ ಸ್ಥಿತಿಯಲ್ಲಿದ್ದರೆ, ಸದ್ದಾಗಲು ಬೇಕಾದಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲವೆಂದೇ ಅದರ ಅರ್ಥ. ವೈದ್ಯರು ಇದನ್ನು ‘ಸೈಲೆಂಟ್ ಚೆಸ್ಟ್’ ಎನ್ನುತ್ತಾರೆ, ಪ್ರಾಣಾಪಾಯದ ಲಕ್ಷಣವೆಂದು ಪರಿಗಣಿಸುತ್ತಾರೆ. ಮೂಲದ ಲೇಖಕರು ಇಷ್ಟೆಲ್ಲವನ್ನೂ ‘ಆಮಿನಸ್ಲಿ’ ಎಂಬ ಒಂದೇ ಪದದ ಮೇಲೆ ಹೊರಿಸಿದ್ದರು. ಅದು ಸದ್ದು ಹೇಗೆ ನಿಂತಿತೆಂದು ಹೇಳುವ ಪದವಲ್ಲ. ಸದ್ದು ನಿಂತದ್ದನ್ನು ನಾವು ಹೇಗೆ ಓದಿಕೊಳ್ಳಬೇಕೆಂದು ಹೇಳುವ ಪದ.

ಪದದ ಮೂಲವೂ ಇದನ್ನೇ ತೋರಿಸುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಓಮೆನ್’ ಎಂದರೆ ಶಕುನ. ಅದು ಒಳ್ಳೆಯದೂ ಆಗಬಹುದಿತ್ತು, ಕೆಟ್ಟದ್ದೂ ಆಗಬಹುದಿತ್ತು. ಅದರಿಂದ ಹುಟ್ಟಿ 16ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿಗೆ ಬಂದ ‘ಆಮಿನಸ್’ ಎಂಬ ವಿಶೇಷಣವು ಕ್ರಮೇಣ ಕೇಡಿನ ಸೂಚನೆಗೆ ಮಾತ್ರ ಸಲ್ಲುವಂತಾಯಿತು. ಒಳ್ಳೆಯ ಸೂಚನೆಯ ಪಾಲಿಗೆ ಉಳಿದ ‘ಆಸ್ಪಿಶಸ್’ ಎಂಬ ಪದದ ಬೇರಿನಲ್ಲಿರುವುದು ಹಕ್ಕಿಗಳನ್ನು ನೋಡಿ ಭವಿಷ್ಯ ತಿಳಿಯುತ್ತಿದ್ದ ರೋಮನ್ನರ ಪದ್ಧತಿ. ನಮ್ಮ ‘ಶಕುನ’ಕ್ಕೂ ಸಂಸ್ಕೃತದಲ್ಲಿ ಹಕ್ಕಿಯೆಂಬ ಅರ್ಥವಿದೆ, ಹಕ್ಕಿಗಳ ಆರೈಕೆಯಲ್ಲಿ ಉಳಿದ ಮಗುವಿಗೆ ಶಕುಂತಲೆಯೆಂಬ ಹೆಸರು ಬಂದದ್ದೂ ಅದೇ ಬಳಗದ ಪದದಿಂದ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನು ‘ನಿಮಿತ್ತ’ಗಳನ್ನು ಕಾಣುತ್ತಿದ್ದೇನೆಂದಷ್ಟೇ ಹೇಳದೆ ಅವು ‘ವಿಪರೀತ’ವಾಗಿವೆಯೆಂದೂ ಸೇರಿಸಬೇಕಾಯಿತು, ಏಕೆಂದರೆ ನಿಮಿತ್ತವೆಂಬ ಪದಕ್ಕೆ ತನ್ನಷ್ಟಕ್ಕೆ ಒಳಿತು ಕೆಡುಕಿನ ಬಣ್ಣವಿರಲಿಲ್ಲ. ಇಂಗ್ಲಿಷಿನ ‘ಆಮಿನಸ್ಲಿ’ ಆ ವೈಪರೀತ್ಯವನ್ನೂ ತನ್ನೊಳಗೆ ನುಂಗಿಕೊಂಡಿದೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು: ‘ಓಮೆನ್’ ಎನ್ನುವಾಗಿನ ಓಕಾರ ಇಲ್ಲಿ ಉಳಿಯುವುದಿಲ್ಲ, ಆದ್ದರಿಂದ ‘ಓಮಿನಸ್ಲಿ’ ಎನ್ನಬಾರದು. ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ.

ವಿದ್ಯಾರ್ಥಿಗಳು ಈ ಪದವನ್ನು ‘ಡೇಂಜರಸ್ಲಿ’, ‘ಮೆನೆಸಿಂಗ್ಲಿ’, ‘ಇಮಿನೆಂಟ್ಲಿ’ ಎಂಬ ನೆರೆಹೊರೆಯ ಪದಗಳೊಂದಿಗೆ ಕಲಸಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಚಾಲಕನು ಬಸ್ಸನ್ನು ‘ಡೇಂಜರಸ್ಲಿ’ ಓಡಿಸಿದನೆಂದರೆ ಅಪಾಯವು ಆ ಓಡಿಸುವಿಕೆಯಲ್ಲೇ ಇದೆ. ನಾಯಿ ‘ಮೆನೆಸಿಂಗ್ಲಿ’ ಗುರುಗುಟ್ಟಿತೆಂದರೆ ಹೆದರಿಸುವ ಉದ್ದೇಶ ನಾಯಿಗೇ ಇರುವಂತೆ ಕೇಳಿಸುತ್ತದೆ. ‘ಇಮಿನೆಂಟ್ಲಿ’ ಎಂಬುದು ಕಾಲವನ್ನಷ್ಟೇ ಸೂಚಿಸುತ್ತದೆ, ಇನ್ನೇನು ನಡೆಯಲಿರುವ ಶುಭಕಾರ್ಯಕ್ಕೂ ಸಲ್ಲುತ್ತದೆ. ಹಳೆಯ ಸೇತುವೆಯೊಂದು ‘ಆಮಿನಸ್ಲಿ’ ಕಿರುಗುಟ್ಟಿತೆಂದಾಗ ಮಾತ್ರ ಸ್ಥಿತಿ ಬೇರೆ: ಆ ಸದ್ದಿನಿಂದ ಯಾರಿಗೂ ಪೆಟ್ಟಾಗಿಲ್ಲ, ಸೇತುವೆಗೆ ಯಾವ ಉದ್ದೇಶವೂ ಇಲ್ಲ, ಅದು ಬೀಳುವ ಹೊತ್ತು ಯಾರಿಗೂ ಗೊತ್ತಿಲ್ಲ. ಕೇಳಿದವನ ಎದೆ ಮಾತ್ರ ಧಸಕ್ಕೆಂದಿದೆ. ಸೇತುವೆ ‘ಆಮಿನಸ್ಲಿ’ ಕುಸಿಯಿತೆಂದು ಬರೆಯುವುದು ತಪ್ಪಾಗುವುದೂ ಇದೇ ಕಾರಣದಿಂದ, ಕುಸಿದ ಮೇಲೆ ಸೂಚನೆಯ ಕಾಲ ಮುಗಿದಿರುತ್ತದೆ. ಆ ಕುಸಿತವು ಅದಕ್ಕಿಂತ ದೊಡ್ಡ ಕೇಡಿನ ಸುಳಿವಾಗಿದ್ದರೆ ಮಾತು ಬೇರೆ.

ಹಾಗಾಗಿ ಈ ಪದವಿರುವ ಪ್ರತಿ ವಾಕ್ಯದಲ್ಲೂ ಕಾಣದಂತೆ ಒಬ್ಬ ಸಾಕ್ಷಿ ನಿಂತಿರುತ್ತಾನೆ, ಸೂಚನೆಯನ್ನು ಓದಬಲ್ಲವನು. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಕೆಲವು ತೀರಗಳಲ್ಲಿ ಸುನಾಮಿಯ ಅಲೆ ಬರುವ ಮುನ್ನ ಕಡಲು ಹಿಂದೆ ಸರಿಯಿತು. ಬರಿದಾದ ಕಡಲತಳವನ್ನು ಕಂಡು ಬೆರಗಾಗಿ ಅದರ ಮೇಲೆ ನಡೆದುಹೋದವರೂ ಇದ್ದರು. ನೀರು ‘ಆಮಿನಸ್ಲಿ’ ಹಿಂದೆ ಸರಿಯಿತೆಂದು ಇಂದು ನಾವು ಬರೆಯಬಲ್ಲೆವು, ಏಕೆಂದರೆ ಅದರ ಅರ್ಥ ನಮಗೆ ಗೊತ್ತು. ಆ ಗಳಿಗೆಯಲ್ಲಿ ಅಲ್ಲಿ ನಿಂತಿದ್ದ ಅನೇಕರ ಪಾಲಿಗೆ ಅದೊಂದು ವಿಚಿತ್ರ ದೃಶ್ಯವಷ್ಟೇ ಆಗಿತ್ತು. ಅವರ ಕಣ್ಣಿನಿಂದ ಕತೆ ಹೇಳುವ ಲೇಖಕರು ಆ ಜಾಗದಲ್ಲಿ ಈ ಪದವನ್ನು ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡಕ್ಕೆ ತರುವಾಗ ಆ ಸಾಕ್ಷಿಯನ್ನು ಬೆಳಕಿಗೆ ತಂದರೆ ಅರ್ಧ ಕೆಲಸ ಮುಗಿಯುತ್ತದೆ, ಅದಕ್ಕೆ ಬೇಕಾದ ಸಲಕರಣೆ ನಮ್ಮ ಭಾಷೆಯಲ್ಲಿ ಧಾರಾಳವಾಗಿದೆ. ‘ಅನ್ನಿಸಿತು’ ಎಂಬ ಕ್ರಿಯಾಪದವಿದೆ, ‘ಎಂಬಂತೆ’ ಇದೆ, ‘ಯಾಕೋ’ ಎಂಬ ಪುಟ್ಟ ಪದವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಕರುವೊಂದು ಮೇವು ಬಿಟ್ಟಾಗ ಹಳ್ಳಿಯ ಹಿರಿಯರು ಆಡುವ ‘ಲಕ್ಷಣ ಸರಿ ಕಾಣ್ತಿಲ್ಲ’ ಎಂಬ ಮಾತಿದೆ. ‘ಮನೆ ಅನಿಷ್ಟಸೂಚಕವಾಗಿ ಮೌನವಾಗಿತ್ತು’ ಎಂದು ಬರೆದ ವಿದ್ಯಾರ್ಥಿನಿಯೊಬ್ಬಳಿಗೆ, ಬಾಗಿಲಲ್ಲಿ ನಿಂತಿರುವವಳು ನೀನೇ ಎಂದುಕೊಂಡು ಮತ್ತೆ ಬರೆಯಮ್ಮಾ ಎಂದೆ. ‘ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ, ಯಾಕೋ ಒಳಗೆ ಕಾಲಿಡಲು ಮನಸ್ಸಾಗಲಿಲ್ಲ’ ಎಂದು ಬರೆದು ತಂದಳು. ಎರಡನೆಯ ವಾಕ್ಯದಲ್ಲಿ ಕ್ರಿಯಾವಿಶೇಷಣದ ಕುರುಹೂ ಇಲ್ಲ, ಆದರೆ ಪದದ ಅರ್ಥ ಪೂರ್ತಿಯಾಗಿ ಬಂದಿದೆ. ‘ಅನಿಷ್ಟಸೂಚಕವಾಗಿ’ ಎಂಬುದನ್ನು ನಾನು ನಿಘಂಟಿನ ಪುಟಕ್ಕೆ ಬಿಡುತ್ತೇನೆ. ‘ಅಪಶಕುನ’ವನ್ನು, ಪಾತ್ರಗಳು ನಿಜವಾಗಿಯೂ ಶಕುನ ನೋಡುವ ಕಡೆ ಮಾತ್ರ ಬಳಸುತ್ತೇನೆ.

ಕ್ರಿಕೆಟ್ ವರದಿಗಳಲ್ಲಿ ಆರಂಭದಿಂದಲೇ ಲೀಲಾಜಾಲವಾಗಿ ಆಡುತ್ತಿರುವ ಬ್ಯಾಟರ್ ‘ಆಮಿನಸ್’ ಆಗಿ ಕಾಣುತ್ತಿದ್ದಾನೆಂಬ ಮಾತು ಬರುವುದುಂಟು. ಅಲ್ಲಿ ಕೇಡು ಕಾದಿರುವುದು ಎದುರಾಳಿ ತಂಡಕ್ಕೆ, ಆದ್ದರಿಂದ ‘ಎದುರಾಳಿಗಳಿಗೆ ತಲೆನೋವಾಗುವ ಲಕ್ಷಣ ಕಾಣಿಸುತ್ತಿತ್ತು’ ಎಂದರೆ ಸರಿಹೋಗುತ್ತದೆ.

ಕೈಪಿಡಿಯ ವಾಕ್ಯವನ್ನು ಕೊನೆಗೆ ಹೀಗೆ ತಿದ್ದಿದೆವು: ‘ರೋಗಿ ಇನ್ನೂ ಉಸಿರಿಗಾಗಿ ಒದ್ದಾಡುತ್ತಿರುವಾಗಲೇ ಎದೆಯ ಸುಯ್ಯೆನ್ನುವ ಸದ್ದು ನಿಂತರೆ, ಗುಣವಾಯಿತೆಂದು ತಿಳಿಯಬೇಡಿ. ಅದು ದೊಡ್ಡ ಅಪಾಯದ ಸೂಚನೆ. ಕೂಡಲೇ ಆಸ್ಪತ್ರೆಗೆ ಸಾಗಿಸಿ.’ ಮೂಲದಲ್ಲಿ ಒಂದೇ ವಾಕ್ಯವಿದ್ದ ಕಡೆ ನಮ್ಮಲ್ಲಿ ಮೂರಾದವು, ಪುಟವಿನ್ಯಾಸ ಮಾಡುವವರು ಇನ್ನೊಂದು ಸಾಲಿಗೆ ಜಾಗ ಹೊಂದಿಸಿಕೊಟ್ಟರು.