ಅಂಬಾಸಿಡರ್ ಸ್ಟಾರ್ಟ್ ಆಗದಿದ್ದಾಗ ಕರೆಂಟ್ ಎಲ್ಲಿ ನಿಂತಿದೆ ನೋಡಿ

1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಸೆಲ್ಫ್ ಜೋರಾಗಿ ತಿರುಗಿದರೂ ಎಂಜಿನ್ ಹತ್ತದಿದ್ದಾಗ ತುಂಬಾ ಜನ ಮೊದಲು ನಾಲ್ಕೂ ಪ್ಲಗ್ ಬದಲಾಯಿಸುತ್ತಾರೆ. ನಾಲ್ಕೂ ಒಂದೇ ದಿನ ಕೆಡುವುದು ಅಪರೂಪ. ಆದರೆ ನಾಲ್ಕಕ್ಕೂ ಕರೆಂಟ್ ಕೊಡುವುದು ಒಂದೇ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವ ಸುರುಳಿ), ಒಂದೇ ಜೊತೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕೂಡಿ ಬಿಡುತ್ತಾ ಕಾಯಿಲ್‌ನ ಕರೆಂಟ್ ಕಡಿಯುವ ಸಣ್ಣ ಸ್ವಿಚ್). ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಪೆಟ್ರೋಲ್ ಎಲ್ಲೂ ಸೋರುತ್ತಿರಬಾರದು. ನಾಲ್ಕು ಪ್ಲಗ್‌ಗೂ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ (ಕ್ಯಾಪ್) ನಡುವಿನ, ಕಾಯಿಲ್‌ನಿಂದ ಬರುವ ದಪ್ಪ ವೈರ್ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್‌ನ ಬರಿ ಲೋಹದಿಂದ ಸುಮಾರು 6 ಮಿ.ಮೀ. ದೂರದಲ್ಲಿಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲ್‌ವರೆಗೆ ಎಲ್ಲ ಸರಿ. ಕರೆಂಟಿನದೇ ತೊಂದರೆಯಾದರೆ ಅದು ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಪ್ಲಗ್ ವೈರ್‌ಗಳ ಕಡೆ ಇದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕ್ಯಾಪಿನೊಳಗೆ ತೇವ ಕೂರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆದರೆ ಪೆನ್ಸಿಲ್ ಗೀಟಿನಂಥ ಸಣ್ಣ ಕಪ್ಪು ಗೆರೆ ಕಂಡರೆ ಅದು ಕರೆಂಟ್ ಹರಿದು ಸುಟ್ಟ ದಾರಿ, ಕ್ಯಾಪ್ ಬದಲಿಸಲೇಬೇಕು.

ಕಿಡಿಯೇ ಇಲ್ಲವೆಂದರೆ 12 ವೋಲ್ಟ್ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ಒಂದು ತುದಿಯನ್ನು ಕಾರಿನ ಬಾಡಿಯ ಬರಿ ಲೋಹಕ್ಕೆ ತಾಗಿಸಿ ಅರ್ತ್ ಮಾಡಿ. ಕೀ ಆನ್ ಇದ್ದಾಗ ಕಾಯಿಲ್‌ನ ಸ್ವಿಚ್ ಕಡೆಯ ಟರ್ಮಿನಲ್‌ನಲ್ಲಿ ಉರಿಯದಿದ್ದರೆ ದೋಷ ಇಗ್ನಿಷನ್ ಸ್ವಿಚ್ಚಿನಲ್ಲೋ ವೈರಿಂಗ್‌ನಲ್ಲೋ ಇದೆ. ಅಲ್ಲಿ ಉರಿದರೆ, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿನುಗಬೇಕು. ಮಿನುಗಿಯೂ ಕಿಡಿ ಬರದಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್ (ಪಾಯಿಂಟ್ ಪಕ್ಕದ, ಅದು ಸುಡದಂತೆ ಕಾಯುವ ಸಣ್ಣ ಡಬ್ಬಿ) ಮೇಲೆ ಅನುಮಾನಪಡಿ. ಒಂದೇ ಸಮ ಉರಿಯುತ್ತಿದ್ದರೆ ಪಾಯಿಂಟ್ ಕೂಡಿಕೊಂಡರೂ ಕರೆಂಟ್ ದಾಟುತ್ತಿಲ್ಲ: ಮುಖಕ್ಕೆ ಎಣ್ಣೆ ಹತ್ತಿದೆ, ಸುಟ್ಟಿದೆ, ಇಲ್ಲವೇ ಒಳಗಿನ ಮೆತ್ತನೆಯ ಸಣ್ಣ ವೈರ್ ತುಂಡಾಗಿದೆ. ಆ ವೈರನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಪಾಯಿಂಟ್ ಕೂತಿರುವ, ಎಂಜಿನ್ ಓಡುವಾಗ ಸರಿದಾಡುವ ವ್ಯಾಕ್ಯೂಮ್ ಪ್ಲೇಟ್ ಜೊತೆ ಅಲುಗಾಡಿ ಎಳೆಗಳು ತುಂಡಾಗಿದ್ದರೂ ಮೇಲಿನ ಹೊದಿಕೆ ನೆಟ್ಟಗಿರುತ್ತದೆ. ಎಳೆದಾಗ ರಬ್ಬರಿನಂತೆ ಹಿಗ್ಗುತ್ತದೆ.

ಲ್ಯಾಂಪ್ ಉರಿಯದೇ ಇದ್ದರೆ ಆ ಟರ್ಮಿನಲ್‌ನಿಂದ ಡಿಸ್ಟ್ರಿಬ್ಯೂಟರ್ ವೈರ್ ಬಿಚ್ಚಿ. ಈಗ ಉರಿದರೆ ಕಾಯಿಲ್ ಸುರುಳಿ ತುಂಡಾಗಿಲ್ಲ, ಡಿಸ್ಟ್ರಿಬ್ಯೂಟರ್ ಕಡೆ ಎಲ್ಲೋ ಅರ್ತ್ ಆಗುತ್ತಿದೆ. ಕಂಡೆನ್ಸರ್ ಶಾರ್ಟ್ ಆಗಿರಬಹುದು. ಹೊಸ ಪಾಯಿಂಟ್ ಹಾಕಿದ ಮೇಲೆಯೇ ಗಾಡಿ ನಿಂತಿದ್ದರೆ ವೈರ್‌ಗಳು ಲೋಹಕ್ಕೆ ತಾಗದಂತೆ ತಡೆಯುವ ಪ್ಲಾಸ್ಟಿಕ್ ಬುಷ್ ತಪ್ಪಾಗಿ ಕೂತಿದೆ ಎಂದೇ ನಂಬಬಹುದು. ಕಂಡೆನ್ಸರ್ ವೈರ್, ಕಾಯಿಲ್ ವೈರ್ ಎರಡೂ ಪಾಯಿಂಟ್ ಸ್ಪ್ರಿಂಗನ್ನು ಮುಟ್ಟಬೇಕು, ನಡುವಿನ ಕಂಬವನ್ನು ಮುಟ್ಟಕೂಡದು. ಒಂದು ವಾಷರ್ ಹಿಂದುಮುಂದಾದರೂ ಕಿಡಿ ಸತ್ತಂತೆ.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ., ಅದೂ ಪಾಯಿಂಟ್ ತೆರೆಯುವ ಕ್ಯಾಮ್‌ನ (ಡಿಸ್ಟ್ರಿಬ್ಯೂಟರ್ ನಡುವಿನ ಉಬ್ಬುಗಳಿರುವ ದಂಡ) ಉಬ್ಬಿನ ನೆತ್ತಿಯ ಮೇಲೆ ಪಾಯಿಂಟ್ ಪೂರ್ತಿ ತೆರೆದಾಗ ಅಳೆದದ್ದು. ಗ್ಯಾಪ್ ಬದಲಾದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಕೂಡ ಹಿಂದುಮುಂದಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಕೆಲಸದ ನಡುವೆ ಕೀ ಆನ್ ಬಿಟ್ಟು ಹೋಗಬೇಡಿ. ಪಾಯಿಂಟ್ ಕೂಡಿದ್ದರೆ ಕಾಯಿಲ್ ಕಾದು ಕೆಡುತ್ತದೆ. ಕ್ಯಾಪ್ ಮುಚ್ಚಿದ ಮೇಲೆ ಪ್ಲಗ್ ವೈರ್‌ಗಳ ಕ್ರಮ, ಸಿಲಿಂಡರ್ ನಂಬರ್ ಪ್ರಕಾರ, 1-3-4-2.