ಬಾಗಿಲ ಬಳಿಯ ಬೀಜದ ಪ್ಯಾಕೆಟ್: ನರ್ಸರಿಯ ಲಾಭದ ಲೆಕ್ಕಕ್ಕೆ ಆಧಾರ ಎಷ್ಟು ಗಟ್ಟಿ?

ಒಂದು ವಾದಕ್ಕೆ ಕೊಟ್ಟ ಪುರಾವೆ ಸಾಕೇ ಎಂದು ಪರೀಕ್ಷೆಯ ಪ್ರಬಂಧದಲ್ಲಿ ತೂಗುವುದು ಹೇಗೆಂದು ನೋಡೋಣ. ಮೊದಲು ಪ್ರಶ್ನೆ. ಇದು ಅಭ್ಯಾಸಕ್ಕೆಂದೇ ಹೆಣೆದದ್ದು: ರಾಯಚೂರಿನ ಒಂದು ಕಾಲ್ಪನಿಕ ನರ್ಸರಿಯ ಮಾಲೀಕರು ತಮ್ಮ ಪಾಲುದಾರರಿಗೆ ಹೀಗೆ ಬರೆದಿದ್ದಾರೆ:

"ಟಿವಿಯಲ್ಲಿ ಕೈತೋಟದ ಕಾರ್ಯಕ್ರಮ ನೋಡುವವರು ಹೆಚ್ಚಿದ್ದಾರೆ. ಜೂನ್‌ನಲ್ಲಿ ತರಕಾರಿ ಬೀಜದ ಸ್ಟ್ಯಾಂಡ್ ಬಾಗಿಲ ಬಳಿಗೆ ತಂದೆವು. ಜೂನ್–ಆಗಸ್ಟ್‌ನ ಬೀಜದ ಮಾರಾಟ ಮಾರ್ಚ್–ಮೇಗಿಂತ ಶೇ 40ರಷ್ಟು ಏರಿತು. ಅಂಗಡಿಗೆ ಬಂದ 60 ಗಿರಾಕಿಗಳಲ್ಲಿ 45 ಮಂದಿ ಮನೆಯಲ್ಲೇ ತರಕಾರಿ ಬೆಳೆಯುವ ಆಸೆ ಇದೆ ಎಂದರು. ಹಾಗಾಗಿ ಅಲಂಕಾರಿಕ ಗಿಡಗಳ ಅರ್ಧ ಜಾಗ ಖಾಲಿ ಮಾಡಿ ಬೀಜ, ಎರೆಗೊಬ್ಬರ ತುಂಬಿದರೆ ಲಾಭ ಹೆಚ್ಚುವುದು ಖಚಿತ."

ಟಿವಿಯ ಮಾತು ಬೇಗ ಮುಗಿಸಿ. ನೋಡುವವರೆಲ್ಲ ಬೆಳೆಯುವವರಲ್ಲ, ಬೆಳೆಯುವವರೆಲ್ಲ ಈ ಅಂಗಡಿಗೇ ಬರುವವರಲ್ಲ. ಅಂಕ ಇರುವುದು ಶೇ 40ರಲ್ಲಿ.

ರಾಯಚೂರಲ್ಲಿ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಕುಂಡದ ಮಣ್ಣು ಬೆಳಿಗ್ಗೆ ಹಸಿ, ಮಧ್ಯಾಹ್ನ ಒಣ. ಆಗ ಬೀಜ ಹಾಕುವವರು ಕಡಿಮೆ. ಜೂನ್‌ನಲ್ಲಿ ಮುಂಗಾರು ಬಂದರೆ ಸ್ಟ್ಯಾಂಡ್ ಎಲ್ಲಿದ್ದರೂ ಬೀಜ ಹೋಗುತ್ತದೆ. ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ ಕೂಡ ಇದೇ ಅವಧಿಯಲ್ಲಿ ಬೀಳುತ್ತವೆ. ಸಸಿ ಒಯ್ಯಲು ಬಂದ ಶಾಲೆ, ಕಚೇರಿಯವರು ನಾಲ್ಕು ಪ್ಯಾಕೆಟ್ ಬೀಜವನ್ನೂ ಕೊಂಡಿರಬಹುದು. ಅಂದರೆ ಇಲ್ಲಿ ಹೋಲಿಸಿರುವುದು ಎರಡು ಜಾಗಗಳನ್ನಲ್ಲ, ಎರಡು ಕಾಲಗಳನ್ನು. ಸರಿಯಾದ ಜೋಡಿ ಕಳೆದ ವರ್ಷದ ಜೂನ್–ಆಗಸ್ಟ್. ಅದರ ಜೊತೆಗೆ ಜಾಗ ಬದಲಿಸದ ಒಂದು ಸರಕನ್ನೂ ನೋಡಬೇಕು. ಮೂಲೆಯಲ್ಲೇ ಇದ್ದ ಗುಲಾಬಿ ಸಸಿಯ ಮಾರಾಟವೂ ಶೇ 40 ಏರಿದ್ದರೆ ಆ ಏರಿಕೆ ಬಹುಪಾಲು ಮಳೆಯದು. ಗುಲಾಬಿ ಶೇ 10 ಏರಿ ಬೀಜ ಶೇ 40 ಏರಿದ್ದರೆ ಮಾತ್ರ ಬಾಗಿಲಿಗೆ ಒಂದಿಷ್ಟು ಪಾಲು ಕೊಡಬಹುದು.

ಇನ್ನು, ಯಾವುದರ ಶೇ 40? 5,000 ರೂಪಾಯಿಯ ಮಾರಾಟ 7,000 ಆದರೂ ಶೇ 40ವೇ. ಏರಿದ್ದು 2,000, ಅದೂ ಮಾರಾಟ, ಲಾಭವಲ್ಲ. ಮಾಲೀಕರ ಪತ್ರದಲ್ಲಿ ಮಾರಾಟ ಎಂದು ಶುರುವಾದದ್ದು ಕೊನೆಗೆ ಲಾಭ ಆಗಿಬಿಡುತ್ತದೆ. ಬಹಳ ಮಂದಿ ಈ ಜಿಗಿತವನ್ನು ಗಮನಿಸುವುದೇ ಇಲ್ಲ.

ಲೆಕ್ಕಕ್ಕೆ ಹೀಗೆ ಹಿಡಿಯಿರಿ. ಬೀಜದ ಪ್ಯಾಕೆಟ್ 22ಕ್ಕೆ ತಂದು 30ಕ್ಕೆ ಮಾರಿದರೆ ಉಳಿಯುವುದು 8 ರೂಪಾಯಿ. ಬಣ್ಣದೆಲೆಯ ಅಲಂಕಾರಿಕ ಗಿಡ ಕ್ರೋಟನ್‌ನ ಕುಂಡ 60ಕ್ಕೆ ತಂದು 120ಕ್ಕೆ ಮಾರುತ್ತಾರೆ; ನೂರರಲ್ಲಿ 10 ಸತ್ತರೂ 90 × 120 = 10,800, ಅಸಲು 6,000 ಕಳೆದರೆ 4,800. ನೀರು, ಆಳಿನ ಖರ್ಚು ಬದಿಗಿಟ್ಟರೆ ಆ ನೂರು ಕುಂಡ ತೆಗೆದ ಜಾಗ ಅಷ್ಟೇ ದುಡಿಯಲು 600 ಪ್ಯಾಕೆಟ್ ಹೋಗಬೇಕು. ಸೇರಿಸಬೇಕಾದ ಖರ್ಚು ಇನ್ನೂ ಇದೆ. ತರಕಾರಿ ಬೀಜ ಮಾರಲು 1983ರ ಬೀಜ ನಿಯಂತ್ರಣ ಆದೇಶದಡಿ ಪರವಾನಗಿ ಬೇಕು. ಎರೆಗೊಬ್ಬರ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿದೆ. ಪ್ಯಾಕೆಟ್ ಮೇಲೆ ಅವಧಿಯ ದಿನಾಂಕ ಇರುತ್ತದೆ. ಉಳ್ಳಾಗಡ್ಡಿ ಬೀಜವಂತೂ ಬಿಸಿಲು ಬೀಳುವ ಬಾಗಿಲಲ್ಲಿಟ್ಟರೆ ಮೊಳಕೆ ಶಕ್ತಿಯನ್ನು ಇನ್ನೂ ಬೇಗ ಕಳೆದುಕೊಳ್ಳುತ್ತದೆ. ಈ ಮುಂಗಾರಿನಲ್ಲಿ ಮಾರದೆ ಉಳಿದದ್ದು ಮುಂದಿನ ಮುಂಗಾರಿಗೆ ಸರಕಲ್ಲ, ನಷ್ಟವಾಗಬಹುದು.

ಸಮೀಕ್ಷೆಗೆ ಬನ್ನಿ. 60ರಲ್ಲಿ 45 ಅಂದರೆ ಶೇ 75. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಆರಿಸಿದ್ದರೂ ಆ 75ರ ಆಚೀಚೆ ಸುಮಾರು 11ರಷ್ಟು (ಸುಮಾರು ಶೇ 64ರಿಂದ 86) ತಪ್ಪಿಗೆ ಜಾಗ ಇತ್ತು. "ಮಾದರಿ ಸಣ್ಣದು" ಎಂದಷ್ಟೇ ಬರೆದು ನಿಲ್ಲಿಸಬೇಡಿ, ಅದು ಸುಲಭದ ಉತ್ತರ. ದೊಡ್ಡ ದೋಷ ಬೇರೆ: ಇವರೆಲ್ಲ ಆಗಲೇ ನರ್ಸರಿಯೊಳಗೆ ನಿಂತವರು. 600 ಮಂದಿಯನ್ನು ಕೇಳಿದರೂ ಅದೇ ವಾಲು ಉಳಿಯುತ್ತದೆ. ಮೇಲಾಗಿ "ಆಸೆ ಇದೆಯಾ?" ಎಂದರೆ ಹೌದು ಅನ್ನಲು ಖರ್ಚಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಓಣಿಯವರೂ ಹೌದು ಅಂತಾರೆ. ಕೇಳಬೇಕಿದ್ದು ಬಿಲ್ ಪುಸ್ತಕವನ್ನು: ಆ 45ರಲ್ಲಿ ಅಂದು ಬೀಜ ಕೊಂಡವರೆಷ್ಟು, ಮೂರು ತಿಂಗಳಲ್ಲಿ ಮರಳಿ ಬಂದವರೆಷ್ಟು?

ಉತ್ತರ ಬರೆಯುವಾಗ ಕೆಡುವುದು ಎರಡು ಕಡೆ. ಒಂದು, ಯೋಜನೆ ತಪ್ಪು ಎಂದು ತೀರ್ಪು ಕೊಡುವುದು. ಪುರಾವೆ ಸಾಲದು ಅನ್ನುವುದಷ್ಟೇ ನಿಮ್ಮ ಕೆಲಸ, ಯೋಜನೆ ಫಲಿಸಲೂಬಹುದು. ಎರಡು, ಡಿಸ್ಕೌಂಟ್ ಕೊಡಿ, ಇನ್‌ಸ್ಟಾಗ್ರಾಂನಲ್ಲಿ ಹಾಕಿ ಎಂದು ವ್ಯಾಪಾರದ ಸಲಹೆ ಶುರುಮಾಡುವುದು. ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆ 2023ರ ಸೆಪ್ಟೆಂಬರ್‌ನಲ್ಲಿ ಇಂಥ ಪ್ರಬಂಧ ಕೈಬಿಟ್ಟಿತು. ಆದರೆ ಎಂಬಿಎ ಪ್ರವೇಶದ ಜಿಮ್ಯಾಟ್ ಪರೀಕ್ಷೆಯ ತರ್ಕದ ಪ್ರಶ್ನೆಗಳಿಗೆ ಇದೇ ಓದು ನೆರವಾಗುತ್ತದೆ.

"ಯಾವ ಮಾಹಿತಿ ಬೇಕು?" ಎಂದು ಕೇಳಿದರೆ ಪರೀಕ್ಷೆಯೊಂದನ್ನು ವಿವರಿಸಿ. ಮಳೆಗಾಲದಲ್ಲೇ ಎಂಟು ವಾರ ಸ್ಟ್ಯಾಂಡನ್ನು ಒಂದು ವಾರ ಬಾಗಿಲಲ್ಲಿ, ಮರುವಾರ ಒಳಗೆ ಇಡಿ. ದಿನದ ಪ್ಯಾಕೆಟ್ ಎಣಿಕೆ, ಮಳೆ ಬಂತೋ ಇಲ್ಲವೋ, ಗುಲಾಬಿ ಮಾರಾಟ, ಸಗಟು ಆರ್ಡರ್ ಬೇರೆ ಕಾಲಂನಲ್ಲಿ. ಕ್ರೋಟನ್ ಜಾಗದಲ್ಲಿ ಅರ್ಧ ಅಲ್ಲ, ಎಂಟನೇ ಒಂದು ಭಾಗ ತೆಗೆದರೆ ಸಾಕು. ಸೋತರೆ ಕುಂಡಗಳನ್ನು ಮತ್ತೆ ಅಲ್ಲಿಗೇ ತಂದಿಡಬಹುದು.